ತೊಟ್ಟಿ ತುಂಬಿದ ವಾರ

ಮಳೆ ಹಿಡಿದದ್ದು ತನಗೆ ಒಳಗೊಳಗೇ ಖುಷಿ ಕೊಟ್ಟಿತೆಂಬುದನ್ನು ಅವಳು ಗಂಡನ ಹತ್ತಿರವೂ ಬಾಯಿಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಎದ್ದು, ಕಿಟಕಿಯ ಗಾಜಿನ ಮೇಲೆ ನೀರು ಬಳಬಳನೆ ಇಳಿಯುವುದನ್ನು ನೋಡಿದಾಗ ಮೊದಲು ಅನ್ನಿಸಿದ್ದು, ಸದ್ಯ, ಇವತ್ತು ಯಾರ ಮನೆಯ ಬಾಗಿಲನ್ನೂ ತಟ್ಟುವ ಹಾಗಿಲ್ಲ, ಎಂದು. ಅನ್ನಿಸಿದ ಮರುಗಳಿಗೆಯೇ ನಾಚಿಕೆಯಾಯಿತು. ದೇವರ ಕೆಲಸಕ್ಕೆಂದು ಮನೆಗೆ ಬೀಗ ಹಾಕಿ, 'ಈ ವಯಸ್ಸಲ್ಲಿ ನಿಮಗಿಬ್ಬರಿಗೂ ಏನು ಬಂತು' ಎಂದು ಮಗಳ ಕೈಲಿ ಅನ್ನಿಸಿಕೊಂಡು, ಗುರುತು ಪರಿಚಯವಿಲ್ಲದ ಈ ಊರಿಗೆ ಬಂದವಳು ಮಳೆ ಬಂದರೆ ಸ್ಕೂಲು ಮಕ್ಕಳ ಹಾಗೆ ಹಿಗ್ಗುವುದೆ? ಆದರೆ ಹಿಗ್ಗಿದ್ದಂತೂ ನಿಜ. ಒಂದೂವರೆ ವರ್ಷದಿಂದ ತಟ್ಟಿದ ಬಾಗಿಲುಗಳಿಗೆ ಲೆಕ್ಕವಿಲ್ಲ. ಗಂಡ ಮುಂದೆ, ಅವಳು ಅವನ ಬೆನ್ನ ಹಿಂದೆ ಕೊಡೆ ಹಿಡಿದು, ಇಬ್ಬರ ಎದೆಯ ಮೇಲೂ ಮಿಶನ್ನಿನ ಬ್ಯಾಡ್ಜು. ಅವನು ಗಂಟಲು ಸರಿಮಾಡಿಕೊಂಡು, 'ನಮಸ್ಕಾರ, ಒಂದೈದು ನಿಮಿಷ ಮಾತಾಡಬಹುದಾ?' ಎನ್ನುತ್ತಿದ್ದಂತೆಯೇ ಒಳಗಿನಿಂದ ಹೆಂಗಸಿನ ದನಿಯೊಂದು 'ಮನೇಲಿ ಯಾರೂ ಇಲ್ಲ' ಎನ್ನುತ್ತಿತ್ತು. ಯಾರೂ ಇಲ್ಲವೆಂದು ಹೇಳುವುದಕ್ಕಾದರೂ ಒಬ್ಬರು ಇರಬೇಕಲ್ಲ ಎಂದು ಅವಳಿಗೆ ನಗು ಬರುತ್ತಿತ್ತು, ಗಂಡನಿಗೆ ಬರುತ್ತಿರಲಿಲ್ಲ. ಮುಚ್ಚಿದ ಬಾಗಿಲಿಗೂ ತಲೆಬಾಗಿ ಅವನು ಮುಂದಿನ ಮನೆಗೆ ನಡೆಯುತ್ತಿದ್ದ. ಮಿಶನ್ನಿನ ನಿಯಮವೆಂದರೆ ಹೀಗೆ: ಜೋಡಿಯಾಗಿ ಬಂದವರು ಜೋಡಿಯಾಗಿಯೇ ಇರಬೇಕು, ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ, ಒಬ್ಬರ ಸೇವೆ ನಿಂತರೆ ಇನ್ನೊಬ್ಬರದೂ ನಿಂತಂತೆ. ಕೆಳಗಿನ ಬೀದಿಯ ಜನ ಇದನ್ನು ಬೇಗ ಕಂಡುಕೊಂಡಿದ್ದರು. 'ಜೋಡೆತ್ತು ಬಂದ್ವು ನೋಡ್ರೋ' ಎಂದು ಯಾರೋ ಅಂದದ್ದು ಗಂಡನ ಕಿವಿಗೆ ಬಿದ್ದಿರಲಿಲ್ಲ. ಅವಳಿಗೆ ಬಿದ್ದಿತ್ತು. ಬೇಜಾರೇನೂ ಆಗಲಿಲ್ಲ, ನೊಗ ಕಾಣುತ್ತದಲ್ಲ ಇವರಿಗೆ, ಎಂದುಕೊಂಡಿದ್ದಳು.

ಆದರೆ ಆ ಸೋಮವಾರ ಮಳೆಯೆಂದು ಮನೆಯಲ್ಲಿ ಕೂರುವಂತಿರಲಿಲ್ಲ. ಅದು ಸೇವಾ ಸಪ್ತಾಹ. ಎಲ್ಲ ಊರುಗಳ ಎಲ್ಲ ಜೋಡಿಗಳೂ ಬೋಧನೆ ಬಿಟ್ಟು ಮೈಮುರಿದು ಊರಿನ ಕೆಲಸ ಮಾಡಬೇಕು, ಫೋಟೋ ತೆಗೆದು ಮಿಶನ್ನಿನ ಮುಖ್ಯಸ್ಥನಿಗೆ ಕಳಿಸಬೇಕು ಎಂದು ಅಪ್ಪಣೆ. ಅದಕ್ಕೆಂದೇ ಹಳದಿ ಜಾಕೆಟ್ಟುಗಳು ಬಂದಿದ್ದವು. ಅವಳದ್ದು ಮೊಣಕಾಲು ಮುಟ್ಟುತ್ತಿತ್ತು, ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಸಹಾಯ ಮಾಡುವ ಕೈಗಳು' ಎಂದಿತ್ತು, ತೋಳು ಎಷ್ಟು ಉದ್ದವೆಂದರೆ ಕೈಗಳೇ ಕಾಣುತ್ತಿರಲಿಲ್ಲ. ಗಂಡ ಒಪ್ಪಿಕೊಂಡು ಬಂದಿದ್ದ ಕೆಲಸ ಸರ್ಕಾರಿ ಶಾಲೆಯ ಹೊರಗೋಡೆಗೆ ಬಣ್ಣ ಬಳಿಯುವುದು. ಮಳೆ ಸ್ವಲ್ಪ ಹೊಳವು ಕೊಟ್ಟಾಗ ಇಬ್ಬರೂ ಹೋಗಿ ಬಳಿದರು. ಅವನು ಮೇಲೆ ಸ್ಟೂಲು ಹತ್ತಿ, ಅವಳು ಕೆಳಗೆ ಕುಕ್ಕರುಗಾಲಲ್ಲಿ ಕೂತು. ತಿಳಿನೀಲಿ ಬಣ್ಣ. ಗೋಡೆ ಇನ್ನೇನು ಮುಗಿಯಿತು ಅನ್ನುವಾಗ ಮಳೆ ಮತ್ತೆ ಹಿಡಿಯಿತು, ಹಸಿ ಬಣ್ಣ ಸುಮ್ಮನೆ ಜಾರಿ ಕೆಳಗಿಳಿಯಿತು, ಬೀದಿಯುದ್ದಕ್ಕೂ ಚರಂಡಿ ನೀಲಿಯಾಗಿ ಹರಿಯಿತು. ಅಂಗಡಿ ಕಟ್ಟೆಯ ಮೇಲೆ ನಿಂತವರು ಮಾತಾಡಲಿಲ್ಲ, ನಗಲೂ ಇಲ್ಲ, ಬಹಳ ಮರ್ಯಾದೆಯಿಂದ ನೋಡುತ್ತಿದ್ದರು. ಅವಳಿಗೆ ಅದಕ್ಕಿಂತ ಅವರು ಬಿದ್ದು ಬಿದ್ದು ನಕ್ಕಿದ್ದರೆ ಚೆನ್ನಾಗಿತ್ತು. ಗಂಡ ಮಾತ್ರ ಸ್ಟೂಲಿನ ಮೇಲೆಯೇ ನಿಂತು, 'ಫೋಟೋ ತೆಗಿ, ಬೇಗ ತೆಗಿ, ಮೇಲಿಂದು ಇನ್ನೂ ಇದೆ' ಎಂದ. ಅವಳು ತೆಗೆದಳು. ಆ ಫೋಟೋದಲ್ಲಿ ಗೋಡೆಯೂ ನೀಲಿ, ಅವನ ಕಾಲೂ ನೀಲಿ. ಸಂಜೆ ಮುಖ್ಯಸ್ಥ ಫೋನು ಮಾಡಿ, 'ತುಂಬಾ ಚೆನ್ನಾಗಿದೆ ಅಪ್ಪಾಜಿ, ಅಮ್ಮನೂ ಜೊತೆಗಿದ್ರಾ?' ಎಂದು ಕೇಳಿದ. ಗೋಡೆಯ ಅರ್ಧ ಬಳಿದವಳು ಅವಳು. ಫೋಟೋ ತೆಗೆದವರು ಫೋಟೋದಲ್ಲಿ ಇರುವುದಿಲ್ಲ.

ಮುಖ್ಯಸ್ಥನಿಗೆ ಅವರ ಮಗಳಿಗಿಂತ ವಯಸ್ಸು ಕಡಿಮೆ. ಒಳ್ಳೆಯವನೇ. ದನಿಯಲ್ಲಿ ಯಾವಾಗಲೂ ಒಂದು ಹದವಾದ ಬಿಸಿ. ದನಿಗಳನ್ನು ಅಳೆಯುವುದು ಅವಳಿಗೆ ಹಳೆಯ ರೂಢಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಪಟ್ಟಿ ಸಿಕ್ಕಿಸಿಕೊಂಡು ಕೂತೇ ಜೀವಮಾನ ಸವೆಸಿದವಳು. ಇಲ್ಲಿಯವರ ಮಾತನ್ನು ಅಲ್ಲಿಗೆ, ಅಲ್ಲಿಯವರ ಅಳುವನ್ನು ಇಲ್ಲಿಗೆ ಕೂಡಿಸಿದ್ದಳು, ಸಾವಿನ ಸುದ್ದಿ ಮೊದಲು ಅವಳ ಕಿವಿಗೆ ಬಿದ್ದು ಆಮೇಲೆ ಮನೆಯವರಿಗೆ ಹೋಗುತ್ತಿತ್ತು, ಆದರೆ ನಡುವೆ ಅವಳು ಹೇಳಬಹುದಾಗಿದ್ದದ್ದು 'ಲೈನಿನಲ್ಲಿರಿ' ಎಂಬುದೊಂದೇ. ಆ ಕೆಲಸ ಬಿಟ್ಟು ಈ ಸೇವೆಗೆ ಬಂದಾಗ ಇಲ್ಲಾದರೂ ತನ್ನದೊಂದು ಮಾತು ಇರುತ್ತದೆ ಎಂದುಕೊಂಡಿದ್ದಳೇನೋ. ಇಲ್ಲಿ ಅವಳ ಪಾಲಿಗೆ ಬಂದದ್ದು ಟವೆಲ್ಲು. ಅವರ ಬಿಡಾರಕ್ಕೆ ಅಂಟಿಕೊಂಡ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ದೀಕ್ಷೆಯ ತೊಟ್ಟಿಯಿದೆ, ನೀಲಿ ಹೆಂಚು ಹಾಸಿದ್ದು, ಇಳಿಯಲು ಮೆಟ್ಟಿಲು, ಹಿಡಿಯಲು ಉಕ್ಕಿನ ಕಂಬಿ. ಸೊಂಟದವರೆಗೆ ನೀರಿರಬೇಕು. ಗಂಡಸರು ಬಿಳಿ ಬಟ್ಟೆಯಲ್ಲಿ ಇಳಿದು, ದೀಕ್ಷೆ ತೆಗೆದುಕೊಳ್ಳುವವರನ್ನು ಒಂದು ಕೂದಲೂ ಹೊರಗುಳಿಯದಂತೆ ಮುಳುಗಿಸಿ ಎತ್ತುತ್ತಾರೆ. ಹೆಂಗಸು ದಡದ ಮೇಲೆ ಟವೆಲ್ಲು ಹಿಡಿದು ನಿಂತಿರುತ್ತಾಳೆ. ಒಂದೂವರೆ ವರ್ಷದಲ್ಲಿ ಆ ಟವೆಲ್ಲುಗಳನ್ನು ಅವಳು ಎಷ್ಟೋ ಸಲ ಒಗೆದು, ಒಣಗಿಸಿ, ಮಡಿಸಿ ಇಟ್ಟಿದ್ದಳು. ಮೈ ಒರೆಸಿದ್ದು ಒಂದು ಸಲವೂ ಇಲ್ಲ. ಯಾರೂ ಮುಳುಗಿರಲಿಲ್ಲ. ಈಗ, ಮನೆಗೆ ಹಿಂದಿರುಗುವ ತಿಂಗಳು ಹತ್ತಿರ ಬಂದಾಗ, ಒಬ್ಬಾಕೆ ಒಪ್ಪಿದ್ದಳು: ಕೆಳಗಿನ ಬೀದಿಯ ಇಸ್ತ್ರಿ ಅಂಗಡಿಯಾಕೆ. ಬರುವ ಭಾನುವಾರವೇ ದೀಕ್ಷೆ. ಗಂಡನ ಕಾಲು ಅವತ್ತಿನಿಂದ ನೆಲದ ಮೇಲೆ ನಿಂತಿರಲಿಲ್ಲ. ಅವನಿಗೆ ಗೊತ್ತಿಲ್ಲದ್ದು ಇಷ್ಟೇ: ಆಕೆ ಒಪ್ಪಿದ ಮಧ್ಯಾಹ್ನ, ಅವನು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಆಕೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅವಳ ಕಿವಿಯ ಹತ್ತಿರ ಬಂದು, 'ಅಕ್ಕ, ನಿಮ್ಮ ಯಜಮಾನ್ರ ಮುಖ ನೋಡಕ್ಕಾಗಲ್ಲ ನನಗೆ. ಇಷ್ಟು ಸಲ ಬಂದ್ರಲ್ಲ, ಪಾಪ. ಒಂದ್ಸಲ ಮುಳುಗಿದ್ರೆ ನನ್ನದೇನು ಹೋಗುತ್ತೆ' ಎಂದಿದ್ದಳು. ಅದನ್ನು ಗಂಡನಿಗೆ ಹೇಳುವುದು ಅವಳಿಂದ ಸಾಧ್ಯವೇ ಇರಲಿಲ್ಲ. ಅಯ್ಯೋ ಪಾಪವೆಂದು ಒಪ್ಪಿದರೂ ದೇವರ ಲೆಕ್ಕದಲ್ಲಿ ಒಪ್ಪಿಗೆಯೇ ಇರಬಹುದು ಎಂದು ಸಮಾಧಾನ ಮಾಡಿಕೊಂಡಳು, ಆ ಸಮಾಧಾನ ಸರಿಯಾಗಿ ಕೂರಲಿಲ್ಲ.

ಬುಧವಾರ ಬೆಳಿಗ್ಗೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿ ಅವಳು ಗಾಬರಿಯಿಂದ ಹಿಂದಿನ ಕೋಣೆಗೆ ಬಂದಳು. ಗಂಡ ಪ್ಯಾಂಟು ಮಡಚಿಕೊಂಡು ನಲ್ಲಿಯ ಪಕ್ಕ ನಿಂತಿದ್ದ. 'ಇವತ್ತೇ ಯಾಕ್ರೀ? ದೀಕ್ಷೆಯ ದಿನ ತುಂಬಿಸ್ಬೇಕು, ಮುಗಿದ ತಕ್ಷಣ ಖಾಲಿ ಮಾಡ್ಬೇಕು ಅಂತ ನೀವೇ ಹೇಳಿದ್ರಲ್ಲ' ಎಂದಳು. 'ಆಕಾಶ ನೋಡಿದ್ಯಾ? ಹೊಳೆ ಏರಿ ಪಂಪ್‌ಹೌಸ್ ಮುಳುಗಿದ್ರೆ ಭಾನುವಾರ ಒಂದು ಹನಿ ಬರಲ್ಲ. ನಾನು ವಾಟರ್ ಸಪ್ಲೈನಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡಿದ್ದು ಸುಮ್ನೆ ಅಲ್ಲ' ಎಂದ. ಅವನ ಮುಖದಲ್ಲಿ, ಬಹಳ ವರ್ಷದ ಕೆಳಗೆ ರಾತ್ರಿಪಾಳಿ ಮುಗಿಸಿ ಬಂದು, ಊರು ಕುಡಿಯುವ ನೀರು ತನ್ನ ಕೈ ಹಾದೇ ಹೋಯಿತೆಂದು ಚಹಾ ಹೀರುತ್ತಿದ್ದಾಗಿನ ಕಳೆ. ಬ್ಲೀಚಿಂಗ್ ಪುಡಿಯನ್ನು ಅಂಗೈಯಲ್ಲಿ ತೂಗಿ ನೋಡಿ ಹಾಕಿದ. ಸಂಜೆಯ ಹೊತ್ತಿಗೆ ತೊಟ್ಟಿ ತುಂಬಿತು. ತಳದ ಹೆಂಚಿನ ಗೆರೆಗಳನ್ನು ಒಂದೊಂದಾಗಿ ಎಣಿಸಬಹುದಾದಂಥ ತಿಳಿನೀರು. ಮಕ್ಕಳು ಮರಿ ಬಂದು ಬಿದ್ದಾವೆಂದು ಕೋಣೆಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ. ರಾತ್ರಿ ಅವನು ಮಾಡಿದ ಪ್ರಾರ್ಥನೆ ಯಾವತ್ತಿಗಿಂತ ಉದ್ದವಿತ್ತು, ಅವಳು ಮಧ್ಯದಲ್ಲಿ ತೂಕಡಿಸಿದಳು.

ಅವನು ಹೇಳಿದ್ದು ಅಕ್ಷರಶಃ ನಡೆದುಹೋಯಿತು. ಗುರುವಾರ ಪಂಪ್‌ಹೌಸು ಮುಳುಗಿತು, ನಲ್ಲಿಗಳಲ್ಲಿ ಮೊದಲು ಹಳದಿ ನೀರು ಬಂತು, ಆಮೇಲೆ ಬರೀ ಉಸಿರು ಬಂತು, ಆಮೇಲೆ ಅದೂ ನಿಂತಿತು. ಹೊಳೆಯ ನೀರು ಕೆಳಗಿನ ಬೀದಿಗೆ ಮೊಣಕಾಲಿನ ಎತ್ತರಕ್ಕೆ ನುಗ್ಗಿತು. ಮಂದಿರ ದಿಬ್ಬದ ಮೇಲಿದ್ದುದರಿಂದ ಮೆಟ್ಟಿಲ ಬುಡದವರೆಗೆ ಮಾತ್ರ ಬಂದು ನಿಂತಿತು. ಜೋಡೆತ್ತುಗಳು ಹಳದಿ ಜಾಕೆಟ್ಟು ಹಾಕಿಕೊಂಡು ನೀರಿಗಿಳಿದವು. ಅದೊಂದು ದಿನ ಅವಳಿಗೆ ನಿಜಕ್ಕೂ ಸುಖವಾಗಿತ್ತು ಎಂದರೆ ಯಾರೂ ನಂಬುವುದಿಲ್ಲ. ಯಾರದೋ ಹಾಸಿಗೆಯ ಒಂದು ತುದಿ ಅವನು, ಇನ್ನೊಂದು ತುದಿ ಅವಳು. ಯಾರದೋ ಮುದಿತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿಗೇರಿಸಿದ್ದು. ಗ್ಯಾಸ್ ಸಿಲಿಂಡರು ತೇಲುತ್ತಾ ಹೋಗುವುದನ್ನು ಗಂಡ ಓಡಿ ಹೋಗಿ ತಬ್ಬಿಹಿಡಿದದ್ದು. ಆವತ್ತು ತಟ್ಟದೆಯೇ ಎಲ್ಲ ಬಾಗಿಲುಗಳೂ ತೆರೆದಿದ್ದವು, 'ಮನೇಲಿ ಯಾರೂ ಇಲ್ಲ' ಎಂದು ಹೇಳುತ್ತಿದ್ದ ದನಿಯ ಹೆಂಗಸನ್ನು ಅವಳು ಮೊಟ್ಟಮೊದಲ ಸಲ ಕಣ್ಣಾರೆ ಕಂಡಳು. ದಪ್ಪ ಕನ್ನಡಕದ, ನಗುಮುಖದ ಹೆಂಗಸು. ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದರು, ಇಬ್ಬರೂ ಆ ಮಾತು ಎತ್ತಲಿಲ್ಲ.

ಶುಕ್ರವಾರ ಮಳೆ ನಿಂತು ಬಿಸಿಲು ಬಿತ್ತು. ಅದೇ ಕಷ್ಟವಾಯಿತು. ಮಳೆ ಇದ್ದಷ್ಟು ಹೊತ್ತು ಜನ ಸೂರಿನ ಕೆಳಗೆ ಬಕೀಟು ಇಟ್ಟು ಕುಡಿಯುವುದಕ್ಕೆ ಹಿಡಿದುಕೊಳ್ಳುತ್ತಿದ್ದರು. ಈಗ ಸುತ್ತ ಕಣ್ಣು ಹಾಯುವಷ್ಟೂ ನೀರು, ಅದರ ಮೇಲೆ ಎಣ್ಣೆಯ ಬಣ್ಣದ ಪೊರೆ, ಸತ್ತ ಇಲಿ, ಒಂದು ಒಂಟಿ ಬೂಟು. ಇಸ್ತ್ರಿಯಾಕೆಯ ಮೊಮ್ಮಗನಿಗೆ ಬೆಳಗಿನಿಂದ ವಾಂತಿಭೇದಿ ಎಂದು ಕೇಳಿ ಅವಳು ಗಂಡನ ಜೊತೆ ಹೋದಳು. ಅಟ್ಟದ ಮೇಲೆ, ಒಗೆಯದ ಬಟ್ಟೆಯ ಗಂಟುಗಳ ನಡುವೆ ಮಗು ಮಲಗಿತ್ತು. ಆಕೆ ಬಕೀಟಿನಲ್ಲಿ ಹೊಳೆಯ ನೀರನ್ನು ಹಿಡಿದಿಟ್ಟು, ಕೆಸರು ತಳಕ್ಕೆ ಇಳಿಯುವುದನ್ನು ಕಾಯುತ್ತಾ ಕೂತಿದ್ದಳು. ಮೇಲಿನ ಒಂದು ಲೋಟ ನೀರನ್ನು ಅಲುಗಿಸದೆ ತೆಗೆದು, ಸೆರಗಿನಲ್ಲಿ ಸೋಸಿ, ಮಗುವಿನ ಬಾಯಿಗಿಟ್ಟಳು. ಕಾಯಿಸಲು ಒಣಗಿದ ಒಂದು ಕಡ್ಡಿಪೆಟ್ಟಿಗೆಯೂ ಇರಲಿಲ್ಲ. ಮಗು ಗಟಗಟನೆ ಕುಡಿಯಿತು. ಅವಳ ಕಣ್ಣು ಗಂಡನ ಕಡೆ ಹೋಯಿತು. ಗಂಡ ಕಿಟಕಿಯಾಚೆ ನೋಡುತ್ತಿದ್ದ. 'ನಮ್ಮ ಅಡಿಗೆಮನೆಯಲ್ಲಿ ಅರ್ಧ ಬಿಂದಿಗೆ ಇದೆ, ಕಾಯಿಸಿ ತರ್ತೀವಿ' ಎಂದ. ತಂದರು. ಅದು ಒಂದು ಮಗುವಿಗೆ ಒಂದು ಹೊತ್ತಿಗೆ ಆಯಿತು. ದಾರಿಯಲ್ಲಿ ಅವಳು, 'ತೊಟ್ಟಿಯಲ್ಲಿದೆಯಲ್ಲರೀ' ಎಂದಳು. ನೀರು ಅವರಿಬ್ಬರ ಕಾಲುಗಳ ನಡುವೆ ಸದ್ದು ಮಾಡುತ್ತಿತ್ತು. 'ಭಾನುವಾರ ಒಂದು ಕಳೀಲಿ. ಆಮೇಲೆ ನಾನೇ ನಿಂತು ಕೊಡ್ತೀನಿ' ಎಂದ. ಆಮೇಲೆ, ಅವಳು ಕೇಳದಿದ್ದರೂ, 'ಸರ್ಕಾರದವರು ಏನಾದ್ರೂ ಮಾಡ್ತಾರೆ' ಎಂದ. ಸರ್ಕಾರದ ನೀರಿನ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನೇ ಆ ಮಾತು ಹೇಳಿದ್ದ.

ಮಧ್ಯಾಹ್ನ ಅವನು ಉಂಡು ಅಡ್ಡಾದ. ಅವಳು ಪಕ್ಕದಲ್ಲಿ ಕೂತು ಅವನ ಉಸಿರು ನಿಧಾನವಾಗುವುದನ್ನು ಕೇಳಿಸಿಕೊಂಡಳು. ಈ ಮನುಷ್ಯ ಕೆಟ್ಟವನಲ್ಲ. ನಿನ್ನೆ ಸಿಲಿಂಡರು ತಬ್ಬಿದವನು. ಅವನಿಗೆ ಬೇಕಾಗಿರುವುದು ಒಂದೇ ಒಂದು ದೀಕ್ಷೆ. ಬರಿಗೈಲಿ ಮನೆಗೆ ಹೋಗಿ ತನ್ನ ವಯಸ್ಸಿನವರ ಮುಂದೆ, ಮಗಳ ಮುಂದೆ, ಏನೆಂದು ಹೇಳಿಕೊಳ್ಳಬೇಕು? ಅದು ಅವಳಿಗೆ ಅರ್ಥವಾಗುತ್ತಿತ್ತು, ಅರ್ಥವಾಗುತ್ತದೆ ಎನ್ನುವುದೇ ಸಿಟ್ಟು ಬರಿಸುತ್ತಿತ್ತು. ಎಷ್ಟು ವರ್ಷ ಅರ್ಥಮಾಡಿಕೊಳ್ಳುತ್ತಾ ಕೂರುವುದು? ಎದ್ದಳು. ಕೀಲಿ ಅವನ ಜೇಬಿನಲ್ಲಿತ್ತು, ಅವಳಿಗದು ಬೇಕಿರಲಿಲ್ಲ. ತೊಟ್ಟಿ ಖಾಲಿ ಮಾಡುವ ಕೊಳವೆ ಮಂದಿರದ ಹಿಂದಿನ ಗೋಡೆಯಿಂದ ಹೊರಗೆ ಬರುತ್ತದೆ, ಅದಕ್ಕೊಂದು ತಿರುಗಿಸುವ ಹಿಡಿ. ಬಂದ ಹೊಸತರಲ್ಲಿ ಅವನೇ ಹೆಮ್ಮೆಯಿಂದ ತೋರಿಸಿದ್ದ. ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬಳೇ ಮೆಟ್ಟಿಲಿಳಿದಳು. ಕೂಗಿದರೆ ಕೇಳಿಸದಷ್ಟು ದೂರ ಹೋದಳು, ಒಂದೂವರೆ ವರ್ಷದಲ್ಲಿ ಮೊದಲ ಸಲ. ನೀರಿನಲ್ಲಿ ಒಬ್ಬಳೇ ನಡೆಯುವಾಗ ಬೆನ್ನ ಮೇಲೆ ಗಾಳಿಯಾಡುವಂತೆ ಅನ್ನಿಸಿತು. ಇಸ್ತ್ರಿಯಾಕೆಗೆ ಕೆಳಗಿನಿಂದಲೇ, 'ಒಂದು ಬಿಂದಿಗೆ ತಗೊಂಡು ಹಿಂದುಗಡೆ ಬಾ, ಯಾರಿಗೂ ಹೇಳಬೇಡ' ಎಂದಳು. ಯಾರಿಗೂ ಹೇಳಬೇಡ ಎಂದರೆ ಆ ಬೀದಿಯಲ್ಲಿ ಎಷ್ಟು ಜನ ಬರುತ್ತಾರೆಂಬುದು ಅವಳಿಗೆ ತಿಳಿಯದ್ದೇನಲ್ಲ.

ಬಂದರು. ಮೊದಲು ಬಂದ ಕಂದು ನೀರನ್ನು ಹರಿಯಬಿಟ್ಟು, ತಿಳಿಯಾದ ಮೇಲೆ ಹಿಡಿಯಲು ಹೇಳಿದಳು. ಬಿಂದಿಗೆ, ಬಕೀಟು, ಮಗುವಿನ ಹಾಲಿನ ಡಬ್ಬ, ಒಬ್ಬನ ಕೈಯಲ್ಲಿ ಹೆಲ್ಮೆಟ್ಟು. ಯಾರೂ ಗಲಾಟೆ ಮಾಡಲಿಲ್ಲ. ಒಬ್ಬ ಮುದುಕ ತನ್ನ ಸರದಿ ಬಂದಾಗ, 'ಇದು ಮಂತ್ರಿಸಿದ ನೀರೇನಮ್ಮ? ಕುಡಿದ್ರೆ ನಿಮ್ಮ ಜಾತಿಗೆ ಸೇರಿಬಿಡ್ತೀನಾ?' ಎಂದು ಕೇಳಿದ. 'ಇಲ್ಲ ತಾತ, ಬ್ಲೀಚಿಂಗ್ ಪುಡಿ ಹಾಕಿದ ನೀರು. ಕುಡಿದ್ರೆ ಭೇದಿ ಆಗಲ್ಲ, ಅಷ್ಟೇ' ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಎಷ್ಟೋ ದಿನಗಳ ಬೋಧನೆಯಲ್ಲಿ ಈ ಬೀದಿಯವರು ಅವಳ ಮಾತಿಗೆ ನಕ್ಕದ್ದು ಇದೇ ಮೊದಲು. ಆ ನಗು ನಿಲ್ಲುವ ಮೊದಲೇ ಸಾಲಿನ ಹಿಂದುಗಡೆ ಗಂಡ ಕಾಣಿಸಿಕೊಂಡ. ನಿದ್ದೆಗಣ್ಣು, ಕೆನ್ನೆಯ ಮೇಲೆ ದಿಂಬಿನ ಗೆರೆ. ಜನ ಅವನಿಗೆ ದಾರಿ ಬಿಟ್ಟರು. ಅವನು ಕೂಗಾಡಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ. ಬಗ್ಗಿ ಹಿಡಿಯನ್ನು ತಿರುಗಿಸಿ ನೀರು ನಿಲ್ಲಿಸಿ, ಅಂಗಡಿಯವನು ಹೊತ್ತಾಯಿತೆಂದು ಹೇಳುವ ಹಾಗೆ, 'ಇವತ್ತಿಗೆ ಇಷ್ಟೇ, ದಯವಿಟ್ಟು ಹೊರಡಿ' ಎಂದ. ತುಂಬದ ಬಿಂದಿಗೆಗಳು ಹಿಂದಿರುಗಿದವು. ಹೋಗುವಾಗ ಒಬ್ಬಳು ಇನ್ನೊಬ್ಬಳಿಗೆ, 'ಪಾಪ ಆಯಮ್ಮ, ಮನೇಲಿ ಬೈಸ್ಕೋತಾಳೆ ಈಗ' ಎಂದದ್ದು ಅವಳಿಗೆ ಕೇಳಿಸಿತು, ಮೈಯೆಲ್ಲ ಉರಿದುಹೋಯಿತು.

ಅವನು ಬೈಯಲಿಲ್ಲ. ಸ್ಪ್ಯಾನರು ತಂದು ಹಿಡಿಯನ್ನೇ ಬಿಚ್ಚಿಕೊಂಡು ಹೋದ. ಕೋಣೆ ತೆರೆದು ತೊಟ್ಟಿಯೊಳಗೆ ಇಣುಕಿ, ನೀರು ಮೊಣಕಾಲಿಗೂ ಬಾರದಷ್ಟಕ್ಕೆ ಇಳಿದಿರುವುದನ್ನು ನೋಡಿ, ಅಂಚಿನ ಮೇಲೆ ಕೂತುಬಿಟ್ಟ. 'ಮೊಣಕಾಲುದ್ದ ನೀರಲ್ಲಿ ಮನುಷ್ಯರನ್ನ ಮುಳುಗ್ಸೋದು ಹೇಗೆ? ಮಲಗ್ಸಿ ಉರುಳ್ಸಬೇಕಾ?' ಎಂದು ಕೇಳಿದ. ಅವಳಿಗೆ ಇನ್ನೇನು ನಗು ಬರುತ್ತಿತ್ತು, ಅವನ ಕಣ್ಣಲ್ಲಿ ನೀರಿತ್ತು. 'ಮಗು ಸಾಯ್ತಿತ್ತು' ಎಂದಳು. 'ಒಂದು ಮಗುವಿಗೆ ಒಂದು ಬಿಂದಿಗೆ ಸಾಕು. ನೀನು ಊರಿಗೇ ಬಿಟ್ಟೆ.' ಅವನು ಹೇಳಿದ್ದು ನಿಜ. ಆಮೇಲೆ ಮುಖ್ಯಸ್ಥನ ಫೋನು ಬಂತು. ಗಂಡ ಕಿಟಕಿಯ ಹತ್ತಿರ ಹೋಗಿ, ದನಿ ತಗ್ಗಿಸಿ, ತೊಟ್ಟಿ ಎಲ್ಲೋ ಸೋರಿದೆ, ಹಳೇ ಕೊಳವೆ, ನೀರು ಇಳಿದುಹೋಗಿದೆ ಎಂದ. ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವನಲ್ಲ. ಹೇಳುವಾಗ ಅವನ ಕಿವಿ ಕೆಂಪಾಯಿತು. ಅವಳನ್ನು ಉಳಿಸಲೆಂದೇ ಹೇಳಿದ ಸುಳ್ಳು ಅದು. ಅವಳಿಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ತಾನು ಮಾಡಿದ್ದನ್ನು ಕೊಳವೆಯ ತಲೆಗೆ ಕಟ್ಟಿಬಿಟ್ಟನಲ್ಲ ಎಂದು ಹೊಟ್ಟೆ ಉರಿಯಿತು. ಗೋಡೆ ಬಳಿದದ್ದೂ ಅವಳಲ್ಲ, ನೀರು ಬಿಟ್ಟದ್ದೂ ಅವಳಲ್ಲ. ಹಾಗಾದರೆ ಈ ಊರಿನಲ್ಲಿ ಇಷ್ಟು ದಿನ ಇದ್ದದ್ದು ಯಾರು?

ಶನಿವಾರ ಇಬ್ಬರೂ ಒಂದೇ ಒಂದು ಮಾತಿಲ್ಲದೆ ಒಬ್ಬರಿಗೊಬ್ಬರು ಕೇಳಿಸುವಷ್ಟು ಹತ್ತಿರ ಇದ್ದರು. ನಿಯಮ ಪಾಲನೆಯಾಯಿತು. ಮಗು ಸುಧಾರಿಸಿಕೊಂಡಿದೆ ಎಂಬ ಸುದ್ದಿ ಬಂತು, ಬೀದಿಯ ಇನ್ನೂ ಮೂರು ಮನೆಯಲ್ಲಿ ಅದೇ ಕಾಯಿಲೆ ಹಿಡಿದಿದೆ ಎಂಬ ಸುದ್ದಿಯೂ ಬಂತು. 'ಹಿಡಿ ಕೊಡಿ' ಎಂದು ಅವಳು ಕೈ ಚಾಚಿದಳು. ಅವನು ತಲೆಯಾಡಿಸಿದ. ಅವನ ಕೈ ಜೇಬಿನ ಮೇಲಿತ್ತು. ಹೆಂಡತಿ ಕಳ್ಳಿಯೇನೋ ಎಂಬಂತೆ.

ಭಾನುವಾರ ಬೆಳಿಗ್ಗೆ ಗುರುಗುಡುವ ಸದ್ದು ಕೇಳಿ ಬೀದಿಗೆ ಬೀದಿಯೇ ಹೊರಗೆ ಬಂತು. ನೀರನ್ನು ಸೀಳಿಕೊಂಡು ಒಂದು ಟ್ಯಾಂಕರು ದಿಬ್ಬ ಹತ್ತುತ್ತಿತ್ತು, ಅದರ ಹಿಂದೆ ಮುಖ್ಯಸ್ಥನ ಜೀಪು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಮಂದಿರದ ಮೆಟ್ಟಿಲುಗಳಿಂದ ಹಿಡಿದು ಕೆಳಗೆ ನೀರಿನೊಳಗಿನವರೆಗೆ ಬಿಂದಿಗೆಗಳ ಸಾಲು ನಿಂತಿತು. ಮುಖ್ಯಸ್ಥ ಜೀಪಿನಿಂದಿಳಿದು, ಎಲ್ಲರಿಗೂ ನಗುತ್ತಾ, ಗಂಡನ ಕೈ ಕುಲುಕಿ, 'ಎಲ್ಲೆಲ್ಲಿ ಹುಡುಕಿದೆ ಅಂತೀರಿ ಅಪ್ಪಾಜಿ. ತೊಟ್ಟಿ ಸೋರಿದ್ರೇನಂತೆ, ನಿಮ್ಮ ಮೊದಲ ದೀಕ್ಷೆ ನಿಲ್ಲೋಕೆ ಬಿಡ್ತೀನಾ?' ಎಂದ. ನೀರು ತಾನೇ ತರುತ್ತೇನೆಂದು ಮುಖ್ಯಸ್ಥ ಮೊದಲೇ ಫೋನಿನಲ್ಲಿ ಹೇಳಿದ್ದನಂತೆ, ಗಂಡ ಬೆಳಿಗ್ಗೆಯೇ ಬಿಳಿ ಬಟ್ಟೆ ಉಟ್ಟು ಬರಿಗಾಲಲ್ಲಿ ನಿಂತಿದ್ದ, ಅದರ ಮೇಲೂ ಬ್ಯಾಡ್ಜು ಚುಚ್ಚಿಕೊಂಡಿದ್ದ. ಒಳಗೆ ಇಸ್ತ್ರಿಯಾಕೆ ಎರಡು ಅಳತೆ ದೊಡ್ಡದಾದ ಬಿಳಿ ನಿಲುವಂಗಿಯಲ್ಲಿ ಕೂತಿದ್ದಳು. ಅದಕ್ಕೆ ಇಸ್ತ್ರಿ ಸರಿಯಾಗಿಲ್ಲವೆಂದು ಆಗಲೇ ಎರಡು ಸಲ ಹೇಳಿದ್ದಳು. ಟ್ಯಾಂಕರಿನವನು ದಪ್ಪ ಪೈಪನ್ನು ಎಳೆದುಕೊಂಡು ಹಿಂದಿನ ಕೋಣೆಯ ಕಡೆ ನಡೆದ. ಬಿಂದಿಗೆಗಳ ಸಾಲು ಅದನ್ನು ನೋಡಿತು. ಮೊದಲಿಗೆ ಯಾರಿಗೂ ತಿಳಿಯಲಿಲ್ಲ, ಆಮೇಲೆ ಎಲ್ಲರಿಗೂ ತಿಳಿಯಿತು. ಕನ್ನಡಕದ ಹೆಂಗಸು ತನ್ನ ಬಿಂದಿಗೆಯನ್ನು ಕಂಕುಳಿನಿಂದ ಕೆಳಗಿಳಿಸಿ, 'ಇದು ನಮಗಲ್ಲವಾ?' ಎಂದು ಕೇಳಿದಳು. ಮುಖ್ಯಸ್ಥ ಹದವಾದ ಬಿಸಿಯ ಆ ದನಿಯಲ್ಲಿ, 'ಸಭೆ ಒಂದು ಮುಗೀಲಿ ತಾಯಿ, ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ತೊಟ್ಟಿಯದನ್ನೇ ಎಲ್ಲರೂ ತಗೊಂಡು ಹೋಗಬಹುದು' ಎಂದ.

ಮುಳುಗಿ ಎದ್ದ ನೀರನ್ನು. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಅವನಿಗೆ ತಾನು ಏನು ಹೇಳಿದೆನೆಂಬುದೇ ಗೊತ್ತಿರಲಿಲ್ಲ. ಅವಳ ಕೈಯಲ್ಲಿ ಟವೆಲ್ಲಿತ್ತು. ಅದನ್ನು ಮೆಟ್ಟಿಲ ಮೇಲೆ ಇಟ್ಟಳು. ನಾಲ್ಕು ಹೆಜ್ಜೆಗೆ ಟ್ಯಾಂಕರಿನವನ ಮುಂದೆ ಬಂದು ನಿಂತು ಪೈಪಿನ ಬಾಯಿ ಹಿಡಿದಳು. 'ಎಲ್ಲಿಗೆ ಬಿಡ್ಬೇಕು ಅಂತ ನಾನು ಹೇಳ್ತೀನಿ, ಕೊಡಪ್ಪ.' ಅವನು ಮುಖ್ಯಸ್ಥನ ಮುಖ ನೋಡಿ, ಅವಳ ಮುಖ ನೋಡಿ, ಪೈಪು ಬಿಟ್ಟುಕೊಟ್ಟ. ಮುದುಕಿಯ ಜೊತೆ ಕಿತ್ತಾಡಲು ಅವನಿಗೆ ಸಂಬಳ ಕೊಟ್ಟಿರಲಿಲ್ಲ. ಅವಳು ಮೆಟ್ಟಿಲ ಅಂಚಿಗೆ ಬಂದು, 'ನೀರು ಬಿಡು' ಎಂದಳು. ಪೈಪು ಕೈಯೊಳಗೆ ಉಬ್ಬಿ ಜಗ್ಗಿತು. ಮೊದಲ ಬಿಂದಿಗೆಗೆ ನೀರು ಬಿದ್ದ ಸದ್ದಿಗೆ ಸಾಲು ಒಂದು ಹೆಜ್ಜೆ ಮುಂದೆ ಬಂತು.

'ಅಮ್ಮ, ಏನಿದು?' ಎಂದ ಮುಖ್ಯಸ್ಥ. 'ಸೋರಿದ ತೊಟ್ಟಿ ತುಂಬೋಕೆ ಅಂತ...'

'ತೊಟ್ಟಿ ಸೋರಿಲ್ಲ. ನಾನು ಬಿಟ್ಟೆ. ಶುಕ್ರವಾರ ಮಧ್ಯಾಹ್ನ, ಇವರು ಮಲಗಿದ್ದಾಗ, ಹಿಂದಿನ ಕೊಳವೆ ತಿರುಗಿಸಿ ಬೀದಿಗೆಲ್ಲ ಕುಡಿಯೋಕೆ ಕೊಟ್ಟೆ. ಇವರು ಸುಳ್ಳು ಹೇಳಿದ್ದು ನನಗೋಸ್ಕರ.' ಹೇಳುವಾಗ ಗಂಡನ ಕಡೆ ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಹೋದೀತೆಂದು ಹೆದರಿಕೆ.

ಬಾಗಿಲಲ್ಲಿ ಇಸ್ತ್ರಿಯಾಕೆ ಬಂದು ನಿಂತಿದ್ದಳು, ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು. ಸಾಲನ್ನು ನೋಡಿದಳು, ಪೈಪನ್ನು ನೋಡಿದಳು. 'ಅಕ್ಕ, ನನ್ನ ಬಿಂದಿಗೆ ಮನೇಲಿದೆ. ಹೋಗಿ ತರ್ಲಾ? ಆಮೇಲೆ ಸಿಗುತ್ತೋ ಇಲ್ವೋ' ಎಂದಳು. 'ಹೋಗಿ ಬಾ' ಎಂದಳು ಅವಳು. ಆಕೆ ಗಂಡನ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಂತು, 'ಬೇಜಾರ್ ಮಾಡ್ಕೋಬೇಡಿ ಯಜಮಾನ್ರೆ' ಎಂದು, ಬಿಳಿ ನಿಲುವಂಗಿಯಲ್ಲಿಯೇ ಕೆಸರು ನೀರಿಗಿಳಿದಳು. ನಿಲುವಂಗಿ ಆಕೆಯ ಹಿಂದೆ ಉಬ್ಬಿಕೊಂಡು ತೇಲುತ್ತಾ ಹೋಯಿತು. ಗಂಡ ಅದು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಒಂದೂವರೆ ವರ್ಷದ ನಡಿಗೆಯೆಲ್ಲ ಆ ತಿರುವಿನಲ್ಲಿ ಹೋದದ್ದು ಅವಳಿಗೂ ಕಾಣಿಸಿತು. ಕೈ ಮಾತ್ರ ಪೈಪು ಬಿಡಲಿಲ್ಲ.

ಮುಖ್ಯಸ್ಥನ ದನಿಯಲ್ಲಿ ಈಗ ಬಿಸಿ ಇರಲಿಲ್ಲ. 'ಅಮ್ಮ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಜೋಡಿ ಬಿಟ್ಟು ಹೋಗಿದ್ದೀರಿ, ಮಿಶನ್ನಿನ ತೊಟ್ಟಿ ಖಾಲಿ ಮಾಡಿದ್ದೀರಿ, ಈಗ ಎಲ್ಲರೆದುರು ಹೀಗೆ. ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಪೈಪು ಕೊಡಿ. ಇಲ್ಲಾಂದ್ರೆ ನೀವು ಬ್ಯಾಡ್ಜು ತೆಗೆದು ಕೊಡಬೇಕಾಗುತ್ತೆ.'

'ತಪ್ಪಾಗಿಲ್ಲ. ಬ್ಯಾಡ್ಜು ತೆಗೆಯೋಕೆ ನನಗೆ ಕೈ ಖಾಲಿ ಇಲ್ಲ, ನೀವೇ ತೆಗೆದ್ಕೊಳ್ಳಿ' ಎಂದಳು, ಅವನ ಕಡೆ ಎದೆಯೊಡ್ಡಿ.

ಅವನು ಕೈ ಎತ್ತಿ ಹಾಗೇ ಇಳಿಸಿದ. ತಾಯಿಯ ವಯಸ್ಸಿನ ಹೆಂಗಸಿನ ಎದೆಯ ಮೇಲಿನ ಪಿನ್ನು, ಸುತ್ತ ಬೀದಿಯ ಕಣ್ಣುಗಳು. ಕಿವಿಯವರೆಗೆ ಕೆಂಪಾಗಿ ಗಂಡನ ಕಡೆ ತಿರುಗಿ, 'ಅಪ್ಪಾಜಿ, ನೀವೇ ಸ್ವಲ್ಪ ಹೇಳಿ ಇವರಿಗೆ' ಎಂದ. ಬ್ಯಾಡ್ಜು ಹೋದರೆ ತನ್ನದಷ್ಟೇ ಹೋಗುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜೋಡಿಯಿಲ್ಲದ ಮೇಲೆ ಅವನೂ ಸಂಜೆಯೊಳಗೆ ಪೆಟ್ಟಿಗೆ ಕಟ್ಟಬೇಕು, ಬಾಕಿ ಉಳಿದ ವಾರಗಳಿಲ್ಲ, ಬೀಳ್ಕೊಡುಗೆ ಇಲ್ಲ, ಮಗಳ ಮುಂದೆ ಹೇಳಿಕೊಳ್ಳಲು ಏನೂ ಇಲ್ಲ. ಗೊತ್ತಿದ್ದೇ ಮಾಡುತ್ತಿದ್ದಳು. ಬಿಂದಿಗೆಯೊಂದು ತುಂಬಿತು, ಇನ್ನೊಂದು ಬಂತು.

ಗಂಡ ಮೆಟ್ಟಿಲಿಳಿದು ಹತ್ತಿರ ಬಂದ. ಅವನ ಮೈಯಿಂದ ಇಸ್ತ್ರಿ ಬಟ್ಟೆಯ ವಾಸನೆ ಬರುತ್ತಿತ್ತು. ಅವಳ ಎದೆಯ ಮೇಲಿನ ಬ್ಯಾಡ್ಜಿಗೆ ಕೈ ಹಾಕಿದ. ಪಿನ್ನು ಎರಡು ಸಲ ತಪ್ಪಿತು, ಮೂರನೆಯ ಸಲ ಬಿಚ್ಚಿಕೊಂಡಿತು. ಅವನು ತೆಗೆದೇಬಿಟ್ಟನಲ್ಲ ಎಂದುಕೊಂಡಳು. ಆದರೂ ಪೈಪು ಅಲುಗದಂತೆ ಹಿಡಿದೇ ಇದ್ದಳು.

'ನನ್ನನ್ನ ಒಂದು ಮಾತು ಕೇಳಬಹುದಿತ್ತು' ಎಂದ, ಅವಳಿಗಷ್ಟೇ ಕೇಳುವಂತೆ.

'ಕೇಳಿದೆ. ದಾರಿಯಲ್ಲೇ ಕೇಳಿದೆ. ಬೇಡ ಅಂದ್ರಿ.'

ಅವನು ಅಂಗೈಯಲ್ಲಿದ್ದ ಬ್ಯಾಡ್ಜನ್ನು ನೋಡಿಕೊಂಡ. 'ಹೌದು. ಅಂದೆ' ಎಂದ. 'ಈಗ ಕೇಳಿದ್ರೂ ಬೇಡ ಅಂತಾನೇ ಅಂತೀನಿ.'

'ಗೊತ್ತು' ಎಂದಳು.

ಅವನು ಬ್ಯಾಡ್ಜನ್ನು ಮುಖ್ಯಸ್ಥನಿಗೆ ಕೊಡಲು ಹೋಗಲಿಲ್ಲ, ತನ್ನದನ್ನು ತೆಗೆಯಲೂ ಇಲ್ಲ. ಅಲ್ಲೇ, ಅವಳಿಂದ ಎರಡು ಮೆಟ್ಟಿಲು ಕೆಳಗೆ, ಬಿಳಿ ಬಟ್ಟೆಯಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಕೊಂಡ. ಬೆನ್ನು ಅವಳ ಕಡೆಗಿತ್ತು. ಆ ಬೆನ್ನು ಇನ್ನು ಎಷ್ಟು ದಿನ ತನ್ನ ಜೊತೆ ಮಾತು ಬಿಡುತ್ತದೋ, ಮನೆಗೆ ಹೋದ ಮೇಲೆ ಯಾವತ್ತಾದರೂ ಇದನ್ನು ಮರೆಯುತ್ತದೋ ಇಲ್ಲವೋ ಅವಳಿಗೆ ತಿಳಿಯದು. ಅವನ ನೋವಿಗೆ ಅವಳಿಗೆ ನೋವಾಯಿತು. ಮಾಡಿದ್ದಕ್ಕೆ ಆಗಲಿಲ್ಲ. ಜೀಪು ಹೊರಟುಹೋದ ಸದ್ದು ಕೇಳಿಸಿತು, ಯಾರೂ ತಿರುಗಿ ನೋಡಲಿಲ್ಲ. ಕನ್ನಡಕದ ಹೆಂಗಸು ಬಿಂದಿಗೆ ಮುಂದೆ ತಂದು, ಗಂಡನ ಬೆನ್ನನ್ನೂ ಅವಳ ಮುಖವನ್ನೂ ನೋಡಿ, 'ಇಡ್ಲಾ, ಬೇಡ್ವಾ?' ಎಂದು ಅನುಮಾನಿಸಿದಳು.

'ಇಡಿ' ಎಂದಳು ಅವಳು. 'ಹಿಂದೆ ಎಷ್ಟು ಜನ ಕಾಯ್ತಿದ್ದಾರೆ ನೋಡಿ.'